ಅಟ್ಟದವರ ಒಂದು ಮಾತು

ಹೋದ ತಿಂಗಳು ತಿಪಟೂರಿನ ಒಂದು ಕಾಲೇಜಿನವರು ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ಹೊಸದಾಗಿ ಹುಟ್ಟುವ ಧಾರ್ಮಿಕ ಪಂಥಗಳ ಬಗ್ಗೆ ಮಾತಾಡಬೇಕಿತ್ತು. ನನ್ನ ಕಸುಬೇ ಅದು. ಎಲ್ಲೋ ನಾಲ್ಕು ಜನ ಸೇರಿ ತಮ್ಮದೇ ಒಂದು ನಂಬಿಕೆ ಕಟ್ಟಿಕೊಂಡರೆ ನಾನು ಹೋಗಿ ಅವರ ಪಕ್ಕ ಕೂತು, ಅವರು ಹೇಳಿದ್ದನ್ನು ಕೇಳಿ, ಕೇಳಿದ್ದನ್ನು ಬರೆಯುತ್ತೇನೆ. ಈ ಕಸುಬಿನಲ್ಲಿ ಕೂದಲು ನರೆತಿದೆ, ಹೆಸರೂ ಅಷ್ಟೋ ಇಷ್ಟೋ ಬಂದಿದೆ. ಆ ದಿನ ಸಭೆಯ ಅಧ್ಯಕ್ಷರು ಮೈಕಿನ ಮುಂದೆ ನಿಂತು ನನ್ನ ಪರಿಚಯ ಮಾಡಿದರು. “ನಮ್ಮ ತಾಲ್ಲೂಕಿನಲ್ಲೇ ಹೆಂಗಸರಿಂದ ಗಂಡಂದಿರನ್ನು ಬಿಡಿಸುತ್ತಿದ್ದ ಅಟ್ಟದವರು ಎಂಬ ಪಂಥವನ್ನು ಬಯಲಿಗೆಳೆದ ವಿದುಷಿ ಇವರು,” ಅಂದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅವರ ಕೈಯಿಂದ ಮೈಕು ತೆಗೆದುಕೊಂಡು, “ಇದು ಹಸಿ ಸುಳ್ಳು. ಅಟ್ಟದವರು ಯಾರ ಗಂಡನನ್ನೂ ಬಿಡಿಸಲಿಲ್ಲ. ನಾನು ಏನನ್ನೂ ಬಯಲಿಗೆಳೆಯಲಿಲ್ಲ. ಎಳೆದವರು ಬೇರೆಯವರು, ಎಳೆದದ್ದು ಒಬ್ಬ ಹೆಂಗಸಿನ ಅನ್ನವನ್ನು,” ಅಂದೆ. ಮೈಕನ್ನು ಮೇಜಿನ ಮೇಲಿಟ್ಟೆ. ಚೀಲ ತೆಗೆದುಕೊಂಡು ಹೊರಗೆ ಬಂದೆ. ಪ್ರಿನ್ಸಿಪಾಲರು ಗೇಟಿನ ತನಕ ಓಡಿ ಬಂದು, “ಮೇಡಂ, ಊಟಕ್ಕಾದರೂ ಇರಿ,” ಅಂದರು. ಉಪನ್ಯಾಸ ಹಾಳಾಯಿತಲ್ಲ ಅನ್ನುವುದಕ್ಕಿಂತ ಹೋಳಿಗೆ ಮಿಕ್ಕಿತಲ್ಲ ಅನ್ನುವ ಚಿಂತೆ ಆ ಮನುಷ್ಯನಿಗೆ.

ಮಾರುಕಟ್ಟೆ ಯಾರ್ಡಿನ ಕಡೆಯಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಸಿಹಿ, ಎಣ್ಣೆ, ಸ್ವಲ್ಪ ಮುಗ್ಗಲು. ತಿಪಟೂರಿನವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ, ಹೊರಗಿನಿಂದ ಬಂದವರಿಗೆ ಬಸ್ಸಿಳಿದ ಕೂಡಲೇ ಬಡಿಯುತ್ತದೆ. ನಾನು ಆ ವಾಸನೆಯಲ್ಲಿ ಒಂದು ಮಳೆಗಾಲ ಪೂರ್ತಿ ಬದುಕಿದ್ದೇನೆ. ರಸ್ತೆ ಬದಿಯಲ್ಲಿ ನಿಂತು ಆಟೋ ಕಾಯುತ್ತಿದ್ದ ನನಗೆ ಆ ಮಳೆಗಾಲವೆಲ್ಲ ತಿರುಗಿ ಬಂತು, ಅದರ ಸಿಟ್ಟಿನ ಸಮೇತ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಹೊನ್ನವಳ್ಳಿಯಿಂದ ಒಳಗೆ, ತೋಟಗಳ ನಡುವೆ ಇರುವ ಒಂದು ಸಣ್ಣ ಊರಿನಲ್ಲಿ ಹೆಂಗಸರು ಏನೋ ಹೊಸ ಪೂಜೆ ಶುರುಮಾಡಿದ್ದಾರಂತೆ ಎಂದು ಯಾರೋ ಹೇಳಿದರು. ಮುಂಗಾರು ಹನಿಯುತ್ತಿದ್ದ ಒಂದು ಬೆಳಿಗ್ಗೆ ಹೋದೆ. ತುಮಕೂರು ಪೇಟೆಯಲ್ಲಿ ಬೆಳೆದ ನನಗೆ ತೆಂಗಿನಕಾಯಿ ಅಂದರೆ ಅಂಗಡಿಯಲ್ಲಿ ಜುಟ್ಟು ಹಿಡಿದು ತೂಗುವ ಪದಾರ್ಥ ಅಷ್ಟೇ. ಊರಿನ ಕೊನೆಯಲ್ಲಿ ಹೆಂಚಿನ ಮನೆ, ಬಾಗಿಲಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಎತ್ತರದ ಹೆಂಗಸು. ಅವರು ಸರೋಜಕ್ಕ. ಹೊನ್ನವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವರು.

“ಪೂಜೆ ಗೀಜೆ ಏನಿಲ್ಲ ಕಣಮ್ಮ. ಕುಂತ್ಕ, ಟೀ ಕುಡಿ, ಆಮೇಕೆ ಅಟ್ಟ ತೋರುಸ್ತೀನಿ,” ಅಂದರು.

ಸರೋಜಕ್ಕನ ಮಗ ತಿಪಟೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. ಕಾರ್ಯದ ದಿನ ಅವನ ಫೋಟೋದ ಮುಂದೆ ಒಡೆಯುವುದಕ್ಕೆ ಕೈಗೆ ಕಾಯಿ ಕೊಟ್ಟಾಗ ಅವರಿಗೆ ಒಡೆಯಲಾಗಲಿಲ್ಲ. ಬೈದರು, ಬೇಡಿದರು, ಕೈ ಏಳಲಿಲ್ಲ. ಆ ಕಾಯಿಯನ್ನು ಸಿಪ್ಪೆ ಸುಲಿಯದ ಇನ್ನೊಂದು ಕಾಯಿಗೆ ಬದಲಾಯಿಸಿಕೊಂಡು ಹೋಗಿ, ಕೊಬ್ಬರಿಗೆಂದು ರಾಶಿ ಹಾಕಿದ್ದ ಅಟ್ಟದ ಮೇಲೆ ಒಂದು ಮೂಲೆಯಲ್ಲಿ ಬೇರೆಯಾಗಿ ಇಟ್ಟರು. ಆ ಸೀಮೆಯಲ್ಲಿ ಕೊಬ್ಬರಿಯನ್ನು ಬಿಸಿಲಿಗೆ ಒಣಗಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಮರೆತುಬಿಡುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಕತ್ತಲಲ್ಲಿ ಕೂತಿರುತ್ತದೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ. ನೀರು ಇಂಗುತ್ತ ಇಂಗುತ್ತ ಕಾಯಿ ಮೂಕವಾಗುತ್ತದೆ. ಕೊನೆಗೆ ಒಂದು ದಿನ ಒಳಗಿನ ಕೊಬ್ಬರಿ ಚಿಪ್ಪಿನಿಂದ ತಾನಾಗಿ ಕಳಚಿಕೊಂಡು ಗಡಗಡ ಅನ್ನುತ್ತದೆ. ಅದಕ್ಕೆ ಅಲ್ಲಿಯವರು ‘ಕಾಯಿ ಬುಡ್ತು’ ಅನ್ನುತ್ತಾರೆ. ಬಿಟ್ಟಿತು ಅನ್ನುವುದೇ ಅವರ ಬಾಯಲ್ಲಿ ಬುಡ್ತು.

ಸರೋಜಕ್ಕ ವಾರಕ್ಕೊಮ್ಮೆ ಆ ಕಾಯಿ ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರಂತೆ. ಅದು ಬಿಟ್ಟ ದಿನ ಅವರಿಗೆ ಮೊದಲ ಸಲ ಹೊಟ್ಟೆ ತುಂಬ ಅಳು ಬಂತು. ಅತ್ತು, ಕಾಯಿ ಸುಲಿದು, ಕೊಬ್ಬರಿ ಹೋಳು ಮಾಡಿ, ಬೆಲ್ಲದ ಜೊತೆ ಅಕ್ಕಪಕ್ಕದವರಿಗೆ ಹಂಚಿದರು. ಅಷ್ಟೇ. ಅದನ್ನು ನೋಡಿ ಇನ್ನೊಬ್ಬಳು ತನ್ನದೊಂದು ನೋವಿಗೆ ಕಾಯಿ ತಂದಿಟ್ಟಳು. ಆಮೇಲೆ ಮತ್ತೊಬ್ಬಳು. ನಾನು ಹೋಗುವ ಹೊತ್ತಿಗೆ ದಬ್ಬೇಘಟ್ಟದಿಂದ, ಸಂಪಿಗೆಯಿಂದ ಬಸ್ಸು ಬದಲಾಯಿಸಿಕೊಂಡು ಹೆಂಗಸರು ಬರುತ್ತಿದ್ದರು. ಜನ ಅವರಿಗೆ ಅಟ್ಟದವರು ಎಂದು ಹೆಸರಿಟ್ಟರು.

ಫೋಟೋ ಇಲ್ಲ, ಹುಂಡಿ ಇಲ್ಲ, ಮಂತ್ರ ಇಲ್ಲ. ಇದ್ದದ್ದು ಒಂದೇ ಕಟ್ಟುಪಾಡು. ಯಾರ ಕಾಯಿ ಯಾವ ನೋವಿನದು ಅಂತ ಯಾರೂ ಯಾರನ್ನೂ ಕೇಳುವ ಹಾಗಿಲ್ಲ, ಒಬ್ಬರ ಕಾಯಿಯನ್ನು ಇನ್ನೊಬ್ಬರು ಒಡೆಯುವ ಹಾಗಿಲ್ಲ. ತಂತಮ್ಮ ಕಾಯಿಗೆ ತಂತಮ್ಮ ಗುರುತು: ಸುಣ್ಣದ ಬೊಟ್ಟು, ದಾರ, ಬಳೆ ಚೂರು. ಸೋಮವಾರ ಮಧ್ಯಾಹ್ನ ಬರುವುದು, ಏಣಿ ಹತ್ತುವುದು, ಕಾಯಿಯನ್ನು ಕಿವಿಗಿಟ್ಟು ಅಲ್ಲಾಡಿಸುವುದು, ಸುಮ್ಮನೆ ಕೂರುವುದು. ಗಡಗಡ ಅಂದರೆ ಅವಳು ‘ಬುಡ್ತು’ ಅನ್ನುತ್ತಾಳೆ, ಉಳಿದವರು ‘ಬುಡ್ತು’ ಅನ್ನುತ್ತಾರೆ. ದೊಡ್ಡ ದೊಡ್ಡ ಗುರುಗಳ ಹಿಂದೆ ಅಲೆದು ಬಂದಿದ್ದ ನನಗೆ ಇಷ್ಟು ಕಡಿಮೆ ಮಾತಿನ ಧರ್ಮ ಇನ್ನೆಲ್ಲೂ ಸಿಕ್ಕಿರಲಿಲ್ಲ. ನಾನು ಸರೋಜಕ್ಕನ ಮನೆಯ ಹಿಂದಿನ ಕೋಣೆಯಲ್ಲೇ ಉಳಿದುಕೊಂಡೆ.

ಆ ವರ್ಷ ಮಳೆ ಒಂದೇ ಸಮನೆ ಸುರಿಯಲಿಲ್ಲ, ಬಂದು ಬಂದು ಹೋಗುತ್ತಿತ್ತು. ಮಳೆ ನಿಂತ ಕೂಡಲೇ ಬಿಸಿಲು ಬಂದು ತೋಟಗಳಿಂದ ಹಬೆ ಏಳುತ್ತಿತ್ತು. ಅಟ್ಟದ ಮೇಲೆ ಹೆಂಚಿನ ಕಾವು, ಸಿಪ್ಪೆಯ ಧೂಳು. ಹೆಂಗಸರು ಬೆವರು ಒರೆಸಿಕೊಳ್ಳುತ್ತ ಕಾಯಿ ಹಿಡಿದು ಕೂತಿರುತ್ತಿದ್ದರು. ಅಲ್ಲಿ ನನಗೆ ಹೆಚ್ಚು ಹತ್ತಿರವಾದವಳು ಗಿರಿಜಮ್ಮ. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುವಾಗ ಕುಸಿದು ಬಿದ್ದು ಸತ್ತು ಎರಡು ವರ್ಷವಾಗಿತ್ತು. ಹೈಸ್ಕೂಲು ಓದುವ ಒಬ್ಬಳು ಮಗಳು. ಶಾಲೆಯ ಆ ಸೌಟೇ ಆ ಮನೆಗೆ ಆಧಾರ, ಬೇರೆ ಗತಿ ಇರಲಿಲ್ಲ. ಬಾಯಿ ಮಾತ್ರ ಬಲು ಜೋರು. ನಾನು ಏಣಿ ಹತ್ತುವುದನ್ನು ನೋಡಿ, “ಪಿಎಚ್‌ಡಿ ಮಾಡೋರ್ಗೆ ಏಣಿ ಹತ್ತಕ್ ಬರಲ್ವೇ? ಬುಡಕ್ಕ, ಕೆಳಗೇ ಕುಂತಿರು, ನಾವೇ ಬಂದು ಹೇಳ್ತೀವಿ,” ಎಂದು ನಗಿಸುತ್ತಿದ್ದಳು.

ಇನ್ನೊಬ್ಬಳು ಜಯಮ್ಮ. ಆಕೆಯ ಗಂಡ ಮಲ್ಲಣ್ಣ ಊರಿನ ದೊಡ್ಡ ತೋಟದವನು, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ಶಾಲೆಯ ಸಮಿತಿಗೂ ಅವನೇ ಅಧ್ಯಕ್ಷ. ಜಯಮ್ಮ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಒಂದು ಸೋಮವಾರ ಬಂದು ಒಂದು ಕಾಯಿಯ ತೊಟ್ಟಿಗೆ ಹಸಿರು ರವಿಕೆಯ ಜರಿ ಅಂಚಿನ ಚೂರು ಕಟ್ಟಿ, ಅಟ್ಟದ ಮೇಲೆ ಏಣಿಯ ತುದಿಯ ಹತ್ತಿರವೇ ಇಟ್ಟು ಹೋದಳು. ಮಾರನೆಯ ದಿನವೇ ಮಲ್ಲಣ್ಣ ನನ್ನನ್ನು ಬೀದಿಯಲ್ಲಿ ತಡೆದು ನಿಲ್ಲಿಸಿದ.

“ಅಲ್ರೀ ಮೇಡಂ, ನಮ್ಮನೆಯೋಳು ಅಲ್ಲೊಂದು ಕಾಯಿ ಇಟ್ಟವ್ಳಂತೆ. ಯಾತಕ್ಕೆ?”

“ನನಗೆ ಗೊತ್ತಿಲ್ಲ. ಅಲ್ಲಿ ಕೇಳುವ ಹಾಗಿಲ್ಲ.”

“ಕೇಳಂಗಿಲ್ಲ ಅಂದ್ರೇನ್ರೀ? ನಾನು ತಾಳಿ ಕಟ್ಟಿದೋನು. ಅವ್ಳಿಗೇನು ಕಮ್ಮಿ ಮಾಡಿದೀನಿ? ಮನೆ ಐತೆ, ತೋಟ ಐತೆ, ಮೈ ತುಂಬ ಒಡವೆ ಐತೆ. ಅಟ್ಟುಕ್ಕೆ ಹಾಕುವಂತ ನೋವು ಏನೈತೆ ಅವ್ಳಿಗೆ?”

ಕೇಳಿದ್ದು ನನ್ನನ್ನು, ಉತ್ತರ ಸಿಕ್ಕಬೇಕಾಗಿದ್ದು ಅವನ ಮನೆಯೊಳಗೆ. ಒಂದು ಕಾಯಿ ಆ ಮನುಷ್ಯನ ನಿದ್ದೆ ಕೆಡಿಸಿತ್ತು. ಆಮೇಲೆ ನಡೆದದ್ದಕ್ಕೆಲ್ಲ ಧರ್ಮ, ಸಂಸ್ಕೃತಿ, ಶಾಲೆಯ ಮಾನ ಅಂತ ಏನೇನೋ ಹೆಸರು ಕೊಟ್ಟರು. ಬೇರು ಮಾತ್ರ ಇದೇ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಆಷಾಢ ಕಳೆದ ಮೇಲೆ ಒಂದು ಸೋಮವಾರ ಗಿರಿಜಮ್ಮನ ಕಾಯಿ ಬಿಟ್ಟಿತು. ಅವಳು ನಂಬದೆ ಮತ್ತೆ ಮತ್ತೆ ಅಲ್ಲಾಡಿಸಿದಳು. ಗಡಗಡ. ಆಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಳು. ಹೆಂಗಸರೆಲ್ಲ ‘ಬುಡ್ತು’ ಅಂದರು. ಆ ಕೊಬ್ಬರಿ ತಿಂದವರಲ್ಲಿ ನಾನೂ ಒಬ್ಬಳು. ಸಂಜೆ ಅವಳೇ, “ರೆಕಾರ್ಡ್ ಮಾಡ್ಕಳಕ್ಕ, ಹೇಳ್ತೀನಿ,” ಅಂದಳು. ಯಾರೂ ಕೇಳುವ ಹಾಗಿಲ್ಲ, ಆದರೆ ಬಿಟ್ಟ ಮೇಲೆ ತಾನಾಗಿ ಹೇಳಿಕೊಳ್ಳಬಹುದು. “ಇವತ್ತು ನನ್ ಗಂಡುನ್ನ ಬುಟ್ಟೆ ಕಣಕ್ಕ. ಎಲ್ಡು ವರ್ಸದಿಂದ ಈ ಎದೇಲಿ ಅಂಟ್ಕಂಡಿದ್ದ. ಬುಟ್ಟೆ. ಈಗ ಹಗುರ ಆಯ್ತು. ಇನ್ಮೇಕೆ ನನ್ ಮಗಳ ಮಕ ನೋಡ್ಕಂಡು ಇರ್ತೀನಿ,” ಅಂದಳು. ಸತ್ತವನನ್ನು ಇಷ್ಟು ಮರ್ಯಾದೆಯಾಗಿ ಕಳಿಸಿಕೊಟ್ಟ ಮಾತು ನಾನು ಇನ್ನೊಂದು ಕೇಳಿಲ್ಲ.

ನಿಯಮದಂತೆ ಆ ಧ್ವನಿಮುದ್ರಣಗಳನ್ನು ನನ್ನ ಮಾರ್ಗದರ್ಶಕರಾದ ಮೇಷ್ಟ್ರಿಗೆ ಕಳಿಸಬೇಕಿತ್ತು, ಜೊತೆಗೆ ಪ್ರತಿ ಮಾತಿಗೂ ವಿವರಣೆ ಬರೆದು ಕಳಿಸಿದೆ. ಅವರು ಈ ವಿಷಯದಲ್ಲಿ ದೊಡ್ಡ ಹೆಸರು. ವಿವರಣೆಯನ್ನು ಅವರು ಓದಲೇ ಇಲ್ಲ ಅನ್ನುವುದು ಶ್ರಾವಣದ ಒಂದು ಸಂಜೆ ಟಿವಿ ಮುಂದೆ ಕೂತಾಗ ಗೊತ್ತಾಯಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಗಂಡ ಬಿಡಿಸುವ ಅಟ್ಟದಮ್ಮ!’ ಎಂದು ಬರುತ್ತಿತ್ತು. ನಿರೂಪಕನ ಪಕ್ಕದಲ್ಲಿ ನಮ್ಮ ಮೇಷ್ಟ್ರು ಕೋಟು ಹಾಕಿಕೊಂಡು ಕೂತಿದ್ದರು. ಹಿನ್ನೆಲೆಯಲ್ಲಿ ಡಮಡಮ ಸಂಗೀತ. ಅದರ ಮೇಲೆ ಗಿರಿಜಮ್ಮನ ದನಿ, “ನನ್ ಗಂಡುನ್ನ ಬುಟ್ಟೆ ಕಣಕ್ಕ... ಈಗ ಹಗುರ ಆಯ್ತು.” ನಡುವಿನ ಮಾತು ಕತ್ತರಿಸಿ ಬಿಸಾಡಿದ್ದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಹೆಣ್ಣುಮಕ್ಕಳನ್ನು ಸಂಸಾರದಿಂದ ಕಳಚುವುದು ಇಂಥ ಪಂಥಗಳ ಮೊದಲ ಲಕ್ಷಣ,” ಅಂದರು.

ಆ ಕ್ಷಣವೇ ಫೋನ್ ಮಾಡಿದೆ, ಎತ್ತಲಿಲ್ಲ. ಬೆಳಿಗ್ಗೆ ಎತ್ತಿದರು.

“ಸರ್, ಅವಳ ಗಂಡ ಸತ್ತು ಎರಡು ವರ್ಷವಾಗಿದೆ.”

“ಹೌದಾ?” ಒಂದು ಗುಟುಕು ಕಾಫಿ ಕುಡಿದ ಸದ್ದು. “ಅದು ಡೀಟೇಲು ಕಣಮ್ಮ. ನೀನು ಪ್ಯಾಟರ್ನ್ ನೋಡು.”

“ಬುಟ್ಟೆ ಅಂದರೆ ತೊರೆದೆ ಅಂತಲ್ಲ ಸರ್. ಕೊಬ್ಬರಿ ಚಿಪ್ಪು ಬಿಡುತ್ತದಲ್ಲ, ಅದು. ಬರೆದು ಕಳಿಸಿದ್ದೆ.”

“ಒಂದು ಪದಕ್ಕೆ ಒಂದೇ ಅರ್ಥ ಇರಲ್ಲಮ್ಮ. ನೀನು ಅವರ ಜೊತೆ ತೀರಾ ಒಳಗೆ ಹೋಗಿಬಿಟ್ಟಿದೀಯ. ಸ್ವಲ್ಪ ಹೊರಗೆ ಬಂದು ಯೋಚನೆ ಮಾಡು. ಥೀಸಿಸ್ ಮುಗಿಸಬೇಕಲ್ಲ?”

ಅದು ಡೀಟೇಲು! ಒಬ್ಬಳ ಗಂಡ ಬದುಕಿದ್ದಾನೋ ಸತ್ತಿದ್ದಾನೋ ಅನ್ನುವುದು ಡೀಟೇಲು. ನಮ್ಮ ವಿದ್ವತ್ತಿಗೆ ಬೆಂಕಿ ಬೀಳಲಿ. ಹೊಸ ಪಂಥ ಅಂದ ಕೂಡಲೇ ನಮಗೆ ಹೊಳೆಯುವುದು ಎರಡೇ ಪ್ರಶ್ನೆ: ದುಡ್ಡು ಎಷ್ಟು ಹೊಡೆದರು, ಹೆಂಗಸರನ್ನು ಎಷ್ಟು ಕೆಡಿಸಿದರು. ಎರಡೂ ಇಲ್ಲ ಅಂದರೆ ಬೇಜಾರಾಗುತ್ತದೆ. ಇರುವಂತೆ ಮಾಡಿಕೊಳ್ಳುತ್ತೇವೆ. ಚಾನೆಲ್ಲಿಗೆ ಬರೆದೆ, ವಿಶ್ವವಿದ್ಯಾಲಯಕ್ಕೆ ಬರೆದೆ. ಒಬ್ಬರೂ ಕ್ಯಾರೇ ಅನ್ನಲಿಲ್ಲ. ಆ ತುಣುಕು ಮಾತ್ರ ವಾಟ್ಸಾಪಿನಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಸುತ್ತಿ ಬಂತು.

ಪಟ್ಟಣದವರಿಗೆ ತಿಳಿಯಲಿಲ್ಲ, ಹಾಳಾಗಿ ಹೋಗಲಿ. ನನಗೆ ಅದಕ್ಕಿಂತ ಸಿಟ್ಟು ಬಂದದ್ದು ಊರವರ ಮೇಲೆ. ಹುಟ್ಟಿದಾಗಿನಿಂದ ಆ ಮಾತು ಆಡಿಕೊಂಡು ಬಂದವರು ಅವರು. ಅಂಗಳದಲ್ಲಿ ಕಾಯಿ ರಾಶಿ ಹಾಕಿಕೊಂಡು ದಿನವಿಡೀ ‘ಇದು ಬುಟ್ಟೈತೆ, ಇದು ಬುಟ್ಟಿಲ್ಲ’ ಅಂತ ಆರಿಸುವವರು. ಗಿರಿಜಮ್ಮನ ಗಂಡನ ಹೆಣ ಹೊತ್ತವರೂ ಅವರೇ. ಟಿವಿಯಲ್ಲಿ ಬಂದದ್ದೇ ತಡ, ತಮ್ಮ ಮಾತಿನ ಅರ್ಥ ತಮಗೇ ಮರೆತುಹೋಯಿತು. “ಗಂಡುನ್ನ ಬುಟ್ಟೆ ಅಂತ ಅವಳ ಬಾಯಲ್ಲೇ ಬಂದೈತಲ್ಲ, ನಾವೇನ್ ಸುಳ್ಳು ಹೇಳ್ತೀವಾ?” ಎಂದು ಬಸ್‌ಸ್ಟಾಪಿನಲ್ಲಿ ನನಗೇ ಹೇಳಿದರು. “ಯಾವ ಗಂಡ? ಎಲ್ಲಿದ್ದಾನೆ?” ಎಂದು ಕೇಳಿದರೆ ಮುಖ ಆ ಕಡೆ ತಿರುಗಿಸಿಕೊಂಡರು.

ಶಾಲೆಯಲ್ಲಿ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಪಂಥದವಳ ಕೈಯಡುಗೆ ಬೇಡವಂತೆ. ಮಲ್ಲಣ್ಣ ಸಮಿತಿ ಸಭೆ ಕರೆದ. ಹಿಂದಿನ ದಿನ ನಾನು ಅವನ ಮನೆಗೇ ಹೋದೆ. ಜಗುಲಿಯಲ್ಲಿ ಕೂತು, ಆ ಮಾತಿನ ಅರ್ಥ ಏನು, ಕತ್ತರಿಸಿದ್ದು ಎಲ್ಲಿ, ಎಲ್ಲ ಬಿಡಿಸಿ ಹೇಳಿದೆ. ನನ್ನ ಫೋನಿನಲ್ಲಿ ಪೂರ್ತಿ ಮಾತು ಕೇಳಿಸಿದೆ. ಜಯಮ್ಮ ಒಳಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು.

“ಅದೆಲ್ಲ ಇರ್ಲಿ ಮೇಡಂ,” ಅಂದ ಮಲ್ಲಣ್ಣ. “ನಿಮ್ ಗುರುಗಳೇ ಟಿವೀಲಿ ಹೇಳವ್ರೆ. ನೀವು ಅವ್ರಿಗಿಂತ ಓದೀರಾ? ಅವ್ರ ಕೈಲಿ ತಪ್ಪಾಯ್ತು ಅಂತ ಒಂದ್ ಮಾತು ಹೇಳ್ಸಿ, ನಾನು ಒಪ್ಕೋತೀನಿ.”

ಅವನಿಗೂ ಗೊತ್ತಿತ್ತು ಅದು ಆಗದ ಕೆಲಸ ಅಂತ. ಆದರೂ ಆ ಸಂಜೆ ಮತ್ತೆ ಮೇಷ್ಟ್ರಿಗೆ ಫೋನ್ ಮಾಡಿದೆ. ಮನಸ್ಸಿಲ್ಲದೆ ಗೋಗರೆದೆ. ಒಬ್ಬಳ ಕೆಲಸ ಹೋಗುತ್ತದೆ ಸರ್, ಒಂದೇ ಒಂದು ಮಾತು ಅಂದೆ. “ಪ್ಯಾನೆಲ್ಲಿನಲ್ಲಿ ಹೇಳಿದ್ದನ್ನೆಲ್ಲ ವಾಪಸ್ ತಗೊಳ್ತಾ ಕೂತರೆ ಆಯ್ತು ಬಿಡು,” ಎಂದು ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸಭೆ ಶಾಲೆಯ ಮುಂದೆ, ಬಸವಣ್ಣನ ಗುಡಿಯ ಪಕ್ಕದ ಬಯಲಿನಲ್ಲಿ. ಬೆಳಿಗ್ಗೆ ಮಳೆ ಬಂದು ನಿಂತಿತ್ತು, ಕಾಲಿಗೆಲ್ಲ ಕೆಸರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಗೋಡೆಗೆ ಒರಗಿ. ಗಿರಿಜಮ್ಮ ಅಡುಗೆ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನಾನು ಮಾತಾಡಲು ಎದ್ದರೆ, “ಹೊರಗ್ನೋರು ಕೊನೆಗೆ ಮಾತಾಡಿ,” ಎಂದು ಕೂರಿಸಿದರು. ಮಲ್ಲಣ್ಣ ದೊಡ್ಡ ಮನುಷ್ಯನಂತೆ ಒಂದು ದಾರಿ ಹೇಳಿದ.

“ನೋಡಮ್ಮ ಗಿರಿಜ, ನಿನ್ ಹೊಟ್ಟೆ ಮೇಲೆ ಹೊಡೆಯಕ್ಕೆ ನಮಗೇನು ಆಸೆ ಇಲ್ಲ. ಆ ಅಟ್ಟುದ್ ಸಾವಾಸ ಬುಟ್ಟೆ ಅಂತ ಊರಿಗೆ ಗೊತ್ತಾಗ್ಲಿ. ಅಲ್ಲಿಂದ್ಲೇ ಒಂದ್ ಕಾಯಿ ತರ್ಸೀವ್ನಿ. ಸುಲುದು ಬಸವಣ್ಣನ್ ಮುಂದಿನ ಕಲ್ಲಿಗೆ ಒಡುದ್ಬುಡು. ನಾಳೆಯಿಂದ ಮಾಮೂಲಿ ಬಂದು ಅಡುಗೆ ಮಾಡು.”

ಅಷ್ಟರಲ್ಲಿ ಇಬ್ಬರು ಸರೋಜಕ್ಕನ ಮನೆ ಕಡೆಯಿಂದ ಬಂದರು. ಬಾಗಿಲಲ್ಲಿ ಅಡ್ಡ ನಿಂತ ಆಕೆಯನ್ನು ಪಕ್ಕಕ್ಕೆ ತಳ್ಳಿ, ಏಣಿ ಹತ್ತಿ, ಕೈಗೆ ಸಿಕ್ಕಿದ ಕಾಯಿ ತಂದಿದ್ದರು. ಮಲ್ಲಣ್ಣ ಅದನ್ನು ತೆಗೆದುಕೊಂಡು, ಒಂದು ಮಚ್ಚಿನ ಸಮೇತ ಗಿರಿಜಮ್ಮನ ಕೈಗೆ ಕೊಟ್ಟ. ಕಾಯಿಯ ತೊಟ್ಟಿನಲ್ಲಿ ಹಸಿರು ರವಿಕೆಯ ಅಂಚು ಇತ್ತು. ಅದು ಅವನ ಹೆಂಡತಿಯ ಕಾಯಿ. ಜಯಮ್ಮ ಗೋಡೆಯ ಹತ್ತಿರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಗುರುತು ಹಿಡಿದವರು ನಾವು ಅಟ್ಟಕ್ಕೆ ಹೋಗುತ್ತಿದ್ದ ಹೆಂಗಸರು ಮಾತ್ರ. ಜೊತೆಯಲ್ಲಿ ಬಾಳಿದ ಹೆಂಡತಿಯ ರವಿಕೆಯ ಬಟ್ಟೆ ಆ ಗಂಡಸಿಗೆ ಗುರುತು ಸಿಗಲಿಲ್ಲ.

ಗಿರಿಜಮ್ಮ ಒಂದು ಸಲ ಕಾಯಿ ನೋಡಿದಳು, ಒಂದು ಸಲ ಜಯಮ್ಮನ ಕಡೆ ನೋಡಿದಳು. ಮಚ್ಚನ್ನು ನೆಲಕ್ಕಿಟ್ಟಳು. ಆಮೇಲೆ ಸೋಮವಾರ ಮಾಡುವ ಹಾಗೆಯೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು.

ಗದ್ದಲವೆಲ್ಲ ನಿಂತುಹೋಯಿತು. ಕಾಯಿಯಲ್ಲೇ ಹುಟ್ಟಿ ಬೆಳೆದ ಜನ ಅವರು. ಯಾರಾದರೂ ಕಾಯಿಯನ್ನು ಕಿವಿಗೆ ಹಿಡಿದರೆ ಸುಮ್ಮನಿರುವುದು ಅವರಿಗೆ ರಕ್ತದಲ್ಲೇ ಬಂದದ್ದು. ಎಲ್ಲರೂ ಕತ್ತು ಮುಂದೆ ಚಾಚಿ ಕೇಳಿಸಿಕೊಂಡರು. ಆ ನಿಶ್ಶಬ್ದದಲ್ಲಿ ಮಲ್ಲಣ್ಣನ ಬಾಯಿಂದ ಅವನಿಗೇ ಗೊತ್ತಿಲ್ಲದಂತೆ ಬಂತು:

“ಬುಡ್ತಾ?”

“ಇಲ್ಲ ಕಣಣ್ಣ,” ಅಂದಳು ಗಿರಿಜಮ್ಮ. “ಇನ್ನೂ ಬುಟ್ಟಿಲ್ಲ.”

ನಾನು ಎದ್ದು ನಿಂತೆ. “ಕೇಳಿಸಿತಾ ಎಲ್ಲರಿಗೂ? ಬುಡ್ತಾ ಅಂದ್ರಲ್ಲ ಮಲ್ಲಣ್ಣ, ಏನು ಹಾಗಂದ್ರೆ? ಹೇಳಿ! ಆ ಕಾಯಿ ಯಾವ ಗಂಡನನ್ನ ಬಿಡಬೇಕಿತ್ತು?” ಎಂದು ಕೂಗಿದೆ. ಕಟ್ಟೆಯ ಮೇಲೆ ಒಬ್ಬಿಬ್ಬರು ತಲೆ ತಗ್ಗಿಸಿದರು. ಯಾರೋ ಕಿಸಕ್ಕನೆ ನಕ್ಕರು. ಮಲ್ಲಣ್ಣನ ಮುಖ ಕೆಂಪಾಯಿತು.

“ಅದೇ ಬ್ಯಾರೆ, ಇದೇ ಬ್ಯಾರೆ ಮೇಡಂ. ಏಯ್ ಗಿರಿಜ, ಒಡೀತೀಯೋ ಇಲ್ವೋ?”

“ಇದು ನಂದಲ್ಲ ಕಣಣ್ಣ.”

“ಯಾರ್ದಾದ್ರೆ ಏನೀಗ? ಕಾಯಿ ಕಾಯಿನೇ.”

“ನಂದಾಗಿದ್ರೆ ಒಡೀತಿದ್ದೆ. ನಂದು ಬುಡ್ತು, ಹಂಚ್ಕಂಡು ತಿಂದಿದ್ದೂ ಆಯ್ತು. ಇದು ಇನ್ಯಾರ್ದೋ ಹೊಟ್ಟೆ ಒಳಗಿಂದು. ಅದು ಬುಡಕ್ ಮೊದ್ಲೇ ಮಚ್ಚು ಹಾಕಕ್ಕೆ ನಾನ್ಯಾರು? ನಿಮ್ ಸೌಟು ನೀವೇ ಇಟ್ಕಳಿ,” ಅಂದಳು. ಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಸರೋಜಕ್ಕನ ಮನೆ ಕಡೆ ಕೆಸರಿನಲ್ಲಿ ನಡೆದು ಹೋದಳು.

ಅದು ನಿನ್ನ ಹೆಂಡತಿಯದಯ್ಯಾ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು, ಅವನು ಊರ ಮುಂದೆ ನೆಲ ಕಚ್ಚುತ್ತಿದ್ದ. ಆದರೆ ಗಿರಿಜಮ್ಮ ಯಾವುದನ್ನು ಕಾಪಾಡಲು ಅನ್ನ ಬಿಟ್ಟು ಹೋದಳೋ ಅದನ್ನು ನಾನು ಬೀದಿಗೆ ಎಳೆಯುವುದು ಹೇಗೆ? ಹಲ್ಲು ಕಚ್ಚಿಕೊಂಡೆ. ಜಯಮ್ಮನ ಮೇಲೂ ಸಿಟ್ಟು ಬಂತು. ಬಾಯಿ ಬಿಡಬಾರದಿತ್ತೇ ಅನ್ನಿಸಿತು. ಅವಳು ಆ ಮನೆಗೇ ವಾಪಸ್ ಹೋಗಬೇಕು ಅನ್ನುವುದು ನೆನಪಾಗಿ ಆ ಸಿಟ್ಟೂ ಹೋಗಿ ಗಂಡಸರ ಮೇಲೇ ಸೇರಿಕೊಂಡಿತು.

ಮಾರನೆಯ ದಿನವೇ ಶಾಲೆಗೆ ಬೇರೆಯವಳು ಬಂದಳು. ನಾನು ಮೇಲಿನವರಿಗೆಲ್ಲ ಅರ್ಜಿ ಕೊಟ್ಟೆ, ವಿಚಾರಣೆ ಮಾಡುತ್ತೇವೆ ಅಂದರು, ಮಾಡಲಿಲ್ಲ. ಮೇಷ್ಟ್ರಿಗೆ ನಾನು ಅವರ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ಹೇಳಿದೆ. ಅವರು ನನ್ನನ್ನು ಪಂಥಕ್ಕೆ ಸೇರಿಕೊಂಡವಳು ಎಂದು ಹಬ್ಬಿಸಿದರು. ಬೇರೆ ಮಾರ್ಗದರ್ಶಕರು ಸಿಕ್ಕಿ, ಥೀಸಿಸ್ ಮುಗಿದು, ಕೆಲಸ ಅಂತ ಒಂದು ಸಿಗುವ ಹೊತ್ತಿಗೆ ನನ್ನ ಜೊತೆಯವರೆಲ್ಲ ಪ್ರೊಫೆಸರುಗಳಾಗಿದ್ದರು. ಮೇಷ್ಟ್ರಿಗೆ ಆಮೇಲೆ ಪ್ರಶಸ್ತಿಯೂ ಬಂತು. ಬರೆದದ್ದರಲ್ಲೆಲ್ಲ ನಾನು ಆ ಒಂದು ಮಾತಿನ ಅರ್ಥ ತಿದ್ದುತ್ತ ಬಂದಿದ್ದೇನೆ. ಓದಿದವರು ಕೆಲವರು. ಆ ಟಿವಿ ತುಣುಕು ನೋಡಿದವರು ಲೆಕ್ಕವಿಲ್ಲ.

ಇಷ್ಟೆಲ್ಲ ತಲೆಯಲ್ಲಿ ಕುದಿಯುತ್ತಿರುವಾಗ ಆಟೋ ಬಂತು. ರೈಲ್ವೆ ಸ್ಟೇಷನ್ನಿಗೆ ಹೋಗಬೇಕಾದವಳು ಬಸ್‌ಸ್ಟ್ಯಾಂಡಿಗೆ ಹೋಗಿ ಹೊನ್ನವಳ್ಳಿ ಬಸ್ಸು ಹತ್ತಿದೆ. ಗಿರಿಜಮ್ಮ ಈಗ ಅಲ್ಲಿ ಬಸ್ಸು ನಿಲ್ಲುವ ಕಡೆ ಇಡ್ಲಿ ಗಾಡಿ ಇಟ್ಟುಕೊಂಡಿದ್ದಾಳೆ. ಮಗಳು ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ್ದಾಳಂತೆ. ನನ್ನನ್ನು ನೋಡಿ, “ಅಯ್ಯೋ ಅಕ್ಕಾ, ಇದೇನು ಇಷ್ಟು ಸೊರಗೋಗಿದೀಯ,” ಎಂದು ಸ್ಟೂಲು ಹಾಕಿ ಕೂರಿಸಿ, ಕೈಗೆ ಇಡ್ಲಿ ತಟ್ಟೆ ಕೊಟ್ಟಳು. ಸರೋಜಕ್ಕನಿಗೆ ವಯಸ್ಸಾಗಿದೆ, ಅಟ್ಟಕ್ಕೆ ಈಗಲೂ ಕೆಲವರು ಬರುತ್ತಾರೆ. “ಆ ಹಸಿರು ಬಟ್ಟೆಯ ಕಾಯಿ ಏನಾಯ್ತು?” ಎಂದು ಕೇಳಿದೆ. “ಕೇಳಂಗಿಲ್ಲ ಕಣಕ್ಕ,” ಎಂದು ನಕ್ಕಳು.

ಬೆಳಗಿನ ಸಭೆಯಲ್ಲಿ ನಡೆದದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. ಮೇಷ್ಟ್ರು, ಮಲ್ಲಣ್ಣ, ಚಾನೆಲ್ಲು, ಆ ಕಾಲೇಜಿನ ಅಧ್ಯಕ್ಷ, ಎಲ್ಲರನ್ನೂ ಸೇರಿಸಿ ಬೈದೆ. ಇಡ್ಲಿ ತಿನ್ನುತ್ತಿದ್ದ ಇಬ್ಬರು ತಿರುಗಿ ನೋಡಿದರು. ಗಿರಿಜಮ್ಮ ಅವರಿಗೆ ನೀರು ಕೊಟ್ಟು ನನ್ನ ಕಡೆ ತಿರುಗಿದಳು.

“ಇಷ್ಟು ವರ್ಸ ಆದ್ರೂ ನಿಂದು ಬುಟ್ಟಿಲ್ವಾ ಅಕ್ಕ? ಒಂದ್ ಕಾಯಿ ಇಟ್ಟೋಗು. ಸೋಮಾರ ಸೋಮಾರ ನಾನೇ ಹೋಗಿ ಅಲ್ಲಾಡ್ಸಿ ನೋಡ್ತೀನಿ.”

“ಬೇಡ ಗಿರಿಜಮ್ಮ.”

“ಯಾಕೆ?”

“ನೋವಾಗಿದ್ರೆ ಇಡ್ತಿದ್ದೆ. ಇದು ನೋವಲ್ಲ. ಅವರು ಒಬ್ಬರೂ ತಪ್ಪಾಯ್ತು ಅಂದಿಲ್ಲ. ಅನ್ನೋವರೆಗೂ ಇದು ಬಿಡೋದು ಬೇಡ, ಅಂಟಿಕೊಂಡೇ ಇರಲಿ.”

ಅವಳು ಪಾತ್ರೆಯ ಮುಚ್ಚಳ ತೆಗೆದು ನನ್ನ ತಟ್ಟೆಗೆ ಇನ್ನೆರಡು ಬಿಸಿ ಇಡ್ಲಿ ಹಾಕಿ, ಮೇಲೆ ಚಟ್ನಿ ಸುರಿದಳು.

“ಹಂಗಾರೆ ಸರಿಯಾಗಿ ತಿನ್ನು,” ಅಂದಳು. “ಸಿಟ್ಟು ಇಟ್ಕಳಕ್ಕೆ ಮೈಯಾಗೆ ಕಸುವಿರ್ಬೇಕು.”